ಮೈಕಿನ ಮುಂದೆ ಅರ್ಧ ಪದ

ನಮ್ಮ ಗೊಬ್ಬೂರಿನ ಗುಡಿಯಲ್ಲಿ ಸೋಮವಾರದ ಭಜನೆಗೆ ಮುಂದಾಗಿ ಹಾಡುವವನು ನಾನು. ನನ್ನ ದನಿಯಲ್ಲೊಂದು ಪದ ದಿನಾ ಮುಂಜಾನೆ ಗುಡಿಯ ಸ್ಪೀಕರಿನಲ್ಲಿ ಹಚ್ಚಬೇಕೆಂದು ಹಿರಿಯರು ಕೇಳಿದರು. ಮಗಳು ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ, ದನಿ ಗುಂಯ್‌ಗುಡಬಾರದೆಂದು ಪಡಸಾಲೆಯ ಗೋಡೆಗೆಲ್ಲ ಕೌದಿ ಇಳಿಬಿಟ್ಟಳು.

"ಅಪ್ಪಾ, ಒಬ್ಬರೇ ಹಾಡ್ರಿ. ತಾಳ ಹೆಡ್‌ಫೋನಿನ್ಯಾಗ ಕೇಳಸ್ತದ."

ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಹಾಡಿದೆ. ಮುಗಿದ ಮೇಲೆ ಅದನ್ನು ಕೇಳಿಸಿದಳು. ಪ್ರತಿ ಸಾಲೂ ಅರ್ಧಕ್ಕೇ ನಿಂತಿತ್ತು. ಮುಂದೆ ದನಿಯೇ ಇಲ್ಲ.

"ನಿನ್ನ ಕಂಪ್ಯೂಟರ್ ನನ್ನ ದನಿ ನುಂಗ್ಯಾದ ನೋಡವ್ವ!"

"ಅದೇನೂ ನುಂಗಿಲ್ರಿ. ಅಲ್ಲಿ ನೀವು ಬಾಯೇ ತೆರದಿಲ್ಲ."

ಖರೆ. ಭಜನೆಯಲ್ಲಿ ನಾನು ಸಾಲು ಎತ್ತಿಕೊಟ್ಟರೆ ಮೇಳದವರು ಮುಗಿಸುತ್ತಾರೆ, ನಾನು ಉಸಿರೆಳೆದುಕೊಳ್ಳುತ್ತೇನೆ. ಪೂರ್ತಿ ಹಾಡಿದರಾಯಿತೆಂದು ಮತ್ತೆ ಕೂತು, ಮೊದಲ ಸಾಲಿನ ಅರ್ಧಕ್ಕೇ ನಿಂತೆ. ಉಳಿದರ್ಧದ ಮಾತುಗಳು ನನಗೆ ಬರುವುದೇ ಇಲ್ಲ! ಇಷ್ಟು ವರ್ಷ ಶಿವನಿಗೆ ಅರ್ಧ ಪದವನ್ನೇ ಒಪ್ಪಿಸಿದ್ದೆನೆ?

ಮೇಳದಲ್ಲಿ ದನಿಗೂಡಿಸುವ ಮನೆಯಾಕೆ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಅಲ್ಲಿಂದಲೇ ಸಾಲು ಮುಗಿಸಿದಳು. ಮಗಳು ಓಡಿಹೋಗಿ, ಹಿಟ್ಟಿನ ಕೈಯಲ್ಲೇ ತಾಯಿಯನ್ನು ಎಳೆತಂದು ಮೈಕಿನ ಮುಂದೆ ಕೂರಿಸಿದಳು.

"ನಾ ಏನ್ ಹಾಡ್ಲೇ ಯವ್ವ?"

"ಅಪ್ಪ ಬಿಟ್ಟದ್ದಷ್ಟು ಹಾಡು."

ಆಕೆ ಒಂದು ಮಾತೂ ತಪ್ಪದೆ ಹಾಡಿದಳು. ಮಗಳು ಕಂಪ್ಯೂಟರಿನಲ್ಲಿ ಎರಡೂ ದನಿ ಕೂಡಿಸಿ ಒಂದು ಪದ ಮಾಡಿದಳು.

ಈಗ ಯಾರಾದರೂ, "ಪದ ಭಾಳ ಚಲೋ ಬಂದದ್ರಿ" ಅಂದರೆ, "ಎಲ್ಲಾ ಶಿವನ ಕೃಪಾ" ಅನ್ನುತ್ತೇನೆ. ಮನೆಯಾಕೆ ಜೊತೆಗಿದ್ದರೆ ಮಾತ್ರ ಮೊದಲು ಆಕೆಯ ಹೆಸರು, ಆಮೇಲೆ ಶಿವನದು.