ಗೇಣಳತೆಯ ಫ್ರೆಂಚ್ ಕುರ್ಚಿ

ನನ್ನ ಹೆಂಡತಿ ಕಮಲಾ ಪೂರ್ತಿಯಾಗಿ ಕುಳಿತದ್ದನ್ನು ನಾನು ನೋಡಿದ್ದೇ ಕಡಿಮೆ. ಕುರ್ಚಿಯ ಅಂಚಿಗೆ ಒಂದಿಷ್ಟು ತಾಗಿಕೊಂಡಿರುತ್ತಿದ್ದಳು, ಅಷ್ಟೇ. ಅಥಣಿಯ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಸಪ್ಪಳವಾದರೆ ಸಾಕು, ನಾನು ಪೇಪರು ಮಡಚುವುದರೊಳಗೆ ಆಕೆ ಎದ್ದು, ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಬರ್ರಿ, ಕೂಡ್ರಿ" ಎಂದು ಚಹಾಕ್ಕಿಡಲು ಹೋಗಿಬಿಟ್ಟಿರುತ್ತಿದ್ದಳು. ನಾನು ನನ್ನ ಆರಾಮಕುರ್ಚಿಯಲ್ಲಿ ಇದ್ದಲ್ಲೇ ಇರುತ್ತಿದ್ದೆ. ಅದರಿಂದ ಏಳಬೇಕಾದರೆ ಎರಡು ಸಲ ಜೀಕಬೇಕು. ಅಷ್ಟರಲ್ಲಿ ಬಂದವರು ಚಹಾ ಕುಡಿದು ಹೋಗಿರುತ್ತಾರೆ.

ಇಂಥವಳು ಹೋದ ವರ್ಷ ನಿಪ್ಪಾಣಿಯ ತಂಗಿಯ ಜೊತೆ ಯುರೋಪ್ ಟೂರಿಗೆ ಹೋಗಿಬಂದಳು. ಎಲ್ಲರೂ ಚಾಕಲೇಟು, ಕೀಚೈನು ತಂದರೆ ಈಕೆ ಒಂದು ಕುರ್ಚಿಯ ಆಸೆಯನ್ನು ತಂದಳು. ಅಲ್ಲಿಯ ಅರಮನೆಗಳಲ್ಲಿ ಕುರ್ಚಿಗಳಿಗೆ ಹಗ್ಗ ಕಟ್ಟಿರುತ್ತಾರಂತೆ. ರಾಜ ಹೋಗಿ ಎಷ್ಟೋ ಕಾಲವಾದರೂ ಅವನ ಜಾಗ ಹಿಡಿದಿಟ್ಟಿದ್ದಾರೆ, ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆದರೆ ಫ್ರಾನ್ಸಿನ ಒಂದು ಸಣ್ಣ ಊರಿನ ಹಳೇ ಸಾಮಾನಿನ ಸಂತೆಯಲ್ಲಿ, ಕೈಗಳ ತುದಿ ಸುರುಳಿ ಸುತ್ತಿದ, ಬೆನ್ನಿಗೆ ದ್ರಾಕ್ಷಿ ಬಳ್ಳಿ ಕೆತ್ತಿದ ಕುರ್ಚಿಯೊಂದಕ್ಕೆ ಹಗ್ಗವಿರಲಿಲ್ಲ. ಕಾಲು ನೋಯುತ್ತಿತ್ತು, ಈಕೆ ಕುಳಿತಳು.

"ಕುರ್ಚಿ ಮಾರೂ ಮುದುಕಿ ನನ್ನ ನೋಡಿ ನಕ್ಕಳ್ರಿ. ಏಳು ಅನ್ನಲಿಲ್ಲ. ಅಲ್ಲೆ ನಾ ಯಾರ ಸಲುವಾಗಿನೂ ಏಳೂದಿರಲಿಲ್ಲ," ಎಂದು ಆಕೆ ಹೇಳಿದಳು. ತನಗೂ ಒಂದು ಕುರ್ಚಿ ಬೇಕೆಂದು ತಿಳಿಯಲು ಈಕೆ ಅಷ್ಟು ದೂರ ಹೋಗಬೇಕಾಯಿತಲ್ಲ.

ಕುರ್ಚಿಯನ್ನು ವಿಮಾನದಲ್ಲಿ ಹೊತ್ತು ತರುವಂತಿರಲಿಲ್ಲ. ಫೋಟೋ ತೆಗೆದುಕೊಂಡು, ಅಳತೆಯನ್ನು ಗೇಣಿನಲ್ಲಿ ಹಿಡಿದು ತಂದಿದ್ದಳು: ಮೂರು ಗೇಣು ಅಗಲ, ನೆಲದಿಂದ ಎರಡು ಗೇಣು ನಾಲ್ಕು ಬೆರಳು ಎತ್ತರ. ಅಂಥದ್ದೇ ಒಂದನ್ನು ಮಾಡಿಸಿಕೊಡುತ್ತೇನೆಂದು ನಾನು ಚಿಕ್ಕೋಡಿಯ ಬಡಿಗ ಮಾರುತಿಯ ಬಳಿ ಹೋದೆ. ಅವನು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, "ಭಾರಿ ಐತ್ರಿ ಸರ. ಬಳ್ಳಿ ನಮ್ಮ ಕಡೀ ದ್ರಾಕ್ಷಿದಂಗನ ಐತಿ," ಎಂದ. ನಾನು ಅಳತೆ ಹೇಳಿದೆ. ಅವನು ಸಾಗವಾನಿಯ ಹಲಗೆಯ ಮೇಲೆ ತನ್ನ ಕೈ ಹರಡಿ, ಗೇಣು ಹಾಕಿ ಗುರುತು ಮಾಡಿದ. ಅವನ ಕೈಯೋ, ಮೊರದಷ್ಟು ಅಗಲ. ಹಿಂದಿನ ಕಾಲದಲ್ಲಿ ಒಬ್ಬೊಬ್ಬರ ಪಾದ, ಮೊಳಕೈ ಹಿಡಿದು ಅಳೆದು ದೇಶ ದೇಶಗಳೇ ಜಗಳಾಡಿದ್ದನ್ನು ನಾನು ಓದಿದ್ದೇನೆ. ಓದಿದ್ದು ಎಂದಾದರೂ ಸಮಯಕ್ಕೆ ಬರುತ್ತದೆಯೇ, ನೀವೇ ಹೇಳಿ. ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಕೆಲವು ವಾರಗಳ ಮೇಲೆ ಮಾರುತಿಯ ಜೊತೆ ಕುರ್ಚಿ ನಮ್ಮ ಬಾಗಿಲಲ್ಲಿ ಟೆಂಪೋದಿಂದ ಇಳಿಯಿತು. ಸುರುಳಿ, ಬಳ್ಳಿ, ಹೊಳಪು ಎಲ್ಲ ಫೋಟೋದಲ್ಲಿದ್ದಂತೆಯೇ. ಗಾತ್ರ ಮಾತ್ರ ಹಗ್ಗದಾಚೆಯ ಆ ರಾಜನಿಗೆ ಸರಿಹೋಗುವಂಥದ್ದು. ಕಮಲಾ ಹತ್ತಿ ಕುಳಿತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಮಾರುತಿ ತನ್ನ ಕೈಯನ್ನೊಮ್ಮೆ, ಆಕೆಯ ಕೈಯನ್ನೊಮ್ಮೆ ನೋಡಿ, "ಗೇಣ ನಿಮ್ಮದಿತ್ತೇನ್ರಿ ಅಕ್ಕಾರ? ತಪ್ಪಾತ್ರಿ. ನಾಳೆ ಬಂದು ಕುರ್ಚಿ ಕಾಲ ಕೊಯ್ದ ಕೊಡ್ತೀನಿ," ಎಂದು ಹೋದ. ನನಗೆ ಬೇರೆ ಚಿಂತೆ ಹತ್ತಿತು. ಇಷ್ಟು ದೊಡ್ಡ ಕುರ್ಚಿ ಕಂಡರೆ ಬಂದ ದೊಡ್ಡ ಮನುಷ್ಯರೆಲ್ಲ ನೇರ ಅದಕ್ಕೇ ಬರುತ್ತಾರೆ. ಈಕೆಗೆ ಮತ್ತೆ ಅಂಚೇ ಗತಿ.

ಅದೇ ಸಂಜೆ ಐಗಳಿಯಿಂದ ನಮ್ಮಣ್ಣ ಬಂದ. ದ್ರಾಕ್ಷಿ ತೋಟದ ಯಜಮಾನ, ಮನೆಗೆ ಹಿರಿಯ; ಅವನೆದುರು ಕಮಲಾ ಎಂದೂ ಕುಳಿತವಳಲ್ಲ. ಹೊಸ ಕುರ್ಚಿಯಲ್ಲಿದ್ದವಳು ಚಪ್ಪಲಿ ಸಪ್ಪಳ ಕೇಳಿದ್ದೇ ಗಡಬಡಿಸಿ ಏಳಹೊರಟಳು. ಏಳಲು ಕಾಲಿಗೆ ನೆಲ ಸಿಗಬೇಕಲ್ಲ. ಮುಂದೆ ಸರಿದಳು, ಸೆರಗು ಸುರುಳಿಗೆ ಸಿಕ್ಕಿತು, ಬಿಡಿಸಿಕೊಂಡಳು, ಮತ್ತೆ ಸರಿದಳು. ಅಷ್ಟರಲ್ಲಿ ಅಣ್ಣ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಿದ್ದ.

"ಇರಲಿ ಬಿಡವಾ, ಕೂಡ್ರು. ಇಳಿಯಾಕ ಹೋಗಿ ಬಿದ್ದೀ," ಎಂದ. ಆಮೇಲೆ ಕುರ್ಚಿಯನ್ನೂ ಆಕೆಯನ್ನೂ ನೋಡಿ, "ಛಲೋ ಕಾಣ್ತೈತಿ," ಎಂದ.

ಈಗ ಚಹಾ ಯಾರು ಮಾಡಬೇಕೆಂಬುದು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಕೊನೆಗೆ ನಾನೇ ಎರಡು ಸಲ ಜೀಕಿ ಎದ್ದೆ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಆಕೆ ಕುಳಿತಲ್ಲಿಂದಲೇ ಹೇಳಿದಳು. ನಾನು ಕಪ್ಪು ಹಿಡಿದು ಬಂದಾಗ ಕಾಲನ್ನು ಮೇಲೆಳೆದುಕೊಂಡು, ಚಕ್ಕಳಮಕ್ಕಳ ಹಾಕಿ, ದ್ರಾಕ್ಷಿ ಬಳ್ಳಿಗೆ ಬೆನ್ನು ಕೊಟ್ಟು ಪೂರ್ತಿ ಕುಳಿತಿದ್ದಳು. ನನಗೆ ಬಹಳ ಸಂತೋಷವಾಯಿತು.

ಮರುದಿನ ಮಾರುತಿ ಗರಗಸ ಹಿಡಿದು ಬಂದ.

"ಅದು ಹಂಗ ಇರಲಿ ಬಿಡಪಾ. ಚಹಾ ಕುಡದ ಹೋಗು," ಎಂದಳು ಕಮಲಾ, ಕುರ್ಚಿಯ ಮೇಲಿಂದಲೇ. ಆಮೇಲೆ ನನ್ನ ಕಡೆ ನೋಡಿದಳು. ನಾನು ಆಗಲೇ ಜೀಕತೊಡಗಿದ್ದೆ.