ಗೇಟಿನ ಕಂಬದ ಮೇಲಿಟ್ಟ ನಿಂಬೆಹಣ್ಣು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ "ಸಾಕು ಸುಮ್ನಿರ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನೀವು ನನ್ನನ್ನು ನಂಬದಿದ್ದರೂ ಬೇಸರವಿಲ್ಲ. ಆ ಬೇಸರವೆಲ್ಲ ಎಂದೋ ಖರ್ಚಾಗಿದೆ.

ವಿಮಾ ಕಚೇರಿಯಲ್ಲಿ ನನ್ನದು ಅಪಘಾತವಾದ ವಾಹನಗಳನ್ನು ನೋಡಿ ವರದಿ ಬರೆಯುವ ಕೆಲಸ. ದಿನವೆಲ್ಲ ಓಡಾಟ. ಆದರೆ ಕೆ.ಆರ್. ಪುರದಲ್ಲಿ ಬಸ್ಸು ಹತ್ತಿದರೆ ಹಲಸೂರು ಬರುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಹೊರಡುವಾಗಲೆಲ್ಲ ಅಮ್ಮ ಕೈಗೆ ಒಂದು ನಿಂಬೆಹಣ್ಣು ತುರುಕುತ್ತಿದ್ದಳು. ನಾನು ಅದನ್ನು ಗೇಟಿನ ಕಂಬದ ಮೇಲಿಟ್ಟು ಹೋಗುತ್ತಿದ್ದೆ. ಮಾತ್ರೆ ನುಂಗಿದರೆ ವಾಂತಿ ನಿಲ್ಲುತ್ತಿತ್ತು, ನಿದ್ದೆ ಹಿಡಿಯುತ್ತಿತ್ತು. ಒಮ್ಮೆ ತೂಕಡಿಸುತ್ತ ಒಬ್ಬರ ಗಾಡಿಯ ನಂಬರನ್ನು ಇನ್ನೊಬ್ಬರ ವರದಿಗೆ ಬರೆದುಬಿಟ್ಟೆ. ಇನ್ನೊಂದು ಸಲ ಹೀಗಾದರೆ ರೆಕಾರ್ಡ್ ರೂಮಿಗೆ ಹಾಕುತ್ತೇನೆ ಎಂದರು ಮ್ಯಾನೇಜರು.

ಅದಕ್ಕೇ ವಿಮಾನಪುರದ ಕಡೆಯ ಒಂದು ಪ್ರಯೋಗಾಲಯದಲ್ಲಿ, ನಿದ್ದೆ ಬರಿಸದ ಹೊಸ ಮಾತ್ರೆಯ ಪರೀಕ್ಷೆಗೆ ಹೆಸರು ಕೊಟ್ಟೆ. ಒಗ್ಗಿದವರಿಗೆ ಮಾತ್ರೆ ಮುಂದೆಯೂ ಸಿಗುತ್ತದೆ ಎಂದಿದ್ದರು. ನರ್ಸ್ ನನ್ನ ಬ್ಯಾಗು ತೆಗೆದಿರಿಸಿ, ಸೋಪು ಹಾಕಿ ಕೈ ತೊಳೆಸಿ, ಮಾತ್ರೆ ನುಂಗಿಸಿ, ಒಂದು ಗಂಟೆ ಎದುರಿಗೇ ಕೂರಿಸಿಕೊಂಡಳು. ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ತಿರುಗುವ ಕುರ್ಚಿಗೆ ಹತ್ತಿಸಿದರು. ತಿರುಗುತ್ತಲೇ ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು.

ಎಪ್ಪತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಹೊಟ್ಟೆಯಿಂದ ಒತ್ತಿಕೊಂಡು ಬಂತು. ಆಗ ಬಲಗೈಯೊಳಗೆ ಏನೋ ಗುಂಡಗೆ, ತಣ್ಣಗೆ ಸಿಕ್ಕಿತು. ಗಟ್ಟಿಯಾಗಿ ಒತ್ತಿದೆ. ನಿಂಬೆಯ ವಾಸನೆ ಮೂಗಿಗೆ ಬಡಿಯಿತು, ಸಂಕಟ ಇಳಿಯಿತು. ಎರಡರವರೆಗೂ ಒಂದೂ ತಪ್ಪದೆ ಹೇಳಿದೆ. ಕೆಳಗಿಳಿದು ಒಂಟಿ ಕಾಲಲ್ಲಿ ನಿಂತಾಗಲೂ ಅಲುಗಲಿಲ್ಲ. ಕೈ ಬಿಚ್ಚಿದರೆ ಖಾಲಿ.

ನಾಡಿ ಹಿಡಿಯಲು ಬಗ್ಗಿದ ಡಾಕ್ಟರು ಅಲ್ಲೇ ನಿಂತರು. "ಮೇಡಂ, ನಿಂಬೆಹಣ್ಣು ಎಲ್ಲಿಟ್ಕೊಂಡಿದ್ರಿ?"

"ಇಲ್ಲ ಸಾರ್. ಇವ್ರೇ ಕೈ ತೊಳ್ಸಿದ್ರಲ್ಲ."

ನರ್ಸ್ ಹೌದೆಂದಳು. ಆಮೇಲೆ ನನ್ನ ಕೈ ಮೂಸಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಡಾಕ್ಟರು ನನ್ನ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಬೇರೆ ಮದ್ದು ಬಳಸಿದವರು ಪರೀಕ್ಷೆಗೆ ಬೇಡ, ಇನ್ನು ಬರಬೇಡಿ ಎಂದರು. ಮೈಯೆಲ್ಲ ಉರಿದುಹೋಯಿತು. ನಿಜವಾಗಿಯೂ ಕದ್ದು ತಂದು ಸಿಕ್ಕಿಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನಗೆ ಕೊಟ್ಟದ್ದು ಔಷಧವೇ ಇಲ್ಲದ ಬರೀ ಹಿಟ್ಟಿನ ಮಾತ್ರೆಯೆಂದು ಎಷ್ಟೋ ದಿನಗಳ ಮೇಲೆ ತಿಳಿಯಿತು. ಅಷ್ಟರಲ್ಲಿ ನಾನು ರೆಕಾರ್ಡ್ ರೂಮು ಸೇರಿಯಾಗಿತ್ತು.

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಯಾರು ನಂಬದಿದ್ದರೂ ಇವಳು ನಂಬುತ್ತಾಳೆ, ನಿಂಬೆಹಣ್ಣು ಇವಳದೇ ತಾನೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಮೂಸಿ ನಕ್ಕಳು. ರೇಗಿಹೋಗಿ, ಬೆಳಿಗ್ಗೆ ಬಿಟ್ಟುಹೋದ ಹಣ್ಣನ್ನು ತೋರಿಸಲು ಅವಳನ್ನು ಗೇಟಿನವರೆಗೆ ಎಳೆದುಕೊಂಡು ಹೋದೆ.

ಕಂಬದ ಮೇಲೆ ಏನೂ ಇರಲಿಲ್ಲ.

"ತಗೊಂಡ್ಹೋಗಿದ್ದೆ ಅಂತ ಒಪ್ಕೊಂಡ್ರೆ ನಿನ್ನ ಗಂಟೇನೇ ಹೋಗುತ್ತೆ?" ಎಂದಳು ಅಮ್ಮ.

ಇವತ್ತಿಗೂ ಅವಳು ಹಾಗೇ ತಿಳಿದಿದ್ದಾಳೆ.