ಎಡಗನ್ನಡಿ

ಬೆಳಗಿನ ಫಜರ್ ನಮಾಜ್ ಮುಗಿಸಿ ಚಾಪೆ ಮಡಚಿಟ್ಟ ಮೇಲೆ ರಹಿಮಾ ಬೀ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ಬಸ್ಸಿನಿಂದ ಕೆಳಗಿಳಿದು ಎಡಗಡೆಯ ಕನ್ನಡಿಯನ್ನು ಸೆರಗಿನ ತುದಿಯಿಂದ ಒರೆಸುವುದು. ಮಂಜು ಬಿದ್ದಿರಲಿ, ಮೈಯಲ್ಲಿ ಜ್ವರವಿರಲಿ, ಅದನ್ನು ಒರೆಸಿ ಬಿಸ್ಮಿಲ್ಲಾ ಅನ್ನದೆ ಅವಳು ಒಲೆ ಹಚ್ಚಿದ್ದಿಲ್ಲ. ಬಲಗಡೆಯ ಕನ್ನಡಿ ಗಂಡನದು, ಎಡಗಡೆಯದು ತನ್ನದು ಎಂದು ಅವಳ ಲೆಕ್ಕ.

ಆ ಬಸ್ಸೇ ಅವರ ಮನೆ. ಗಂಡ ಅಬ್ದುಲ್ ರಶೀದ್ ತುಮಕೂರಿನ ಶಿರಾ ಗೇಟಿನ ಹತ್ತಿರ ಮೂವತ್ತೆರಡು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದವನು. ಶೆಡ್ಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಸಂಸಾರ. ಮಕ್ಕಳಾಗಲಿಲ್ಲ. ಕೋಣೆಗೆ ಕಿಟಕಿಯೂ ಇರಲಿಲ್ಲ. "ಇಷ್ಟೊಂದು ಗಾಡಿ ಕಟ್ಟಿ ಕಳಿಸ್ತೀರಿ, ಅವೆಲ್ಲ ಎಲ್ಲಿಗೆ ಹೋಗ್ತವೆ ಅಂತ ಒಂದಿನಾನಾದ್ರೂ ನೋಡಿದೀರಾ?" ಎಂದು ಅವಳು ಯಾವಾಗಲೋ ಕೇಳಿದ್ದಳು. ಅವನು ಅದನ್ನು ಮರೆತಿರಲಿಲ್ಲ. ಕೆಲಸ ಬಿಟ್ಟ ವರ್ಷ ಹಿರೇಹಳ್ಳಿಯ ಗುಜರಿಯಿಂದ ಯಾವುದೋ ಶಾಲೆಯ ಹಳೆಯ ಮಿನಿಬಸ್ಸು ತಂದ. ಸೀಟು ಕಿತ್ತು ಮಂಚ ಕೂರಿಸಿದ. ಗ್ಯಾಸ್ ಒಲೆ, ನೀರಿನ ಬಿಂದಿಗೆಗೆ ಕಟ್ಟೆ, ಪಾತ್ರೆಗೆ ಕಬ್ಬಿಣದ ಗೂಡು, ಎಲ್ಲ ತಾನೇ ಮಾಡಿದ. ಕಿಟಕಿಯನ್ನು ಮಾತ್ರ ಒಂದನ್ನೂ ಮುಚ್ಚಲಿಲ್ಲ. "ಎಣಿಸ್ಕೋ, ಹನ್ನೆರಡಿವೆ," ಅಂದ. ಅವಳು ನಿಜವಾಗಿಯೂ ಎಣಿಸಿದಳು.

ಕೋಣೆ ಖಾಲಿ ಮಾಡಿ ಹೊರಟೇಬಿಟ್ಟರು. ಹಳ್ಳಿಗಳಲ್ಲಿ ನಿಲ್ಲಿಸಿ ಗೇಟು, ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡಿಕೊಡುವುದು, ಊಟಕ್ಕಾದ ಮೇಲೆ ಮುಂದಿನ ಊರು. ಉರುಸುಗಳಿಗೆ ಹೋದರು. ಕಾರವಾರದಲ್ಲಿ ರಹಿಮಾ ಬೀ ಐವತ್ತನಾಲ್ಕನೆಯ ವಯಸ್ಸಿಗೆ ಸಮುದ್ರ ಕಂಡು, ಇಳಿಹೊತ್ತಿನ ಅಸರ್ ನಮಾಜನ್ನು ಮರಳ ಮೇಲೆ ಮಾಡಿದಳು. ಮನೆಯ ಮಾತು ಉರ್ದುವಿನಲ್ಲಿ. ಆದರೆ ಬಸ್ಸು ಹೊರಟಿತೆಂದರೆ ಇಬ್ಬರ ಬಾಯಲ್ಲೂ ಕನ್ನಡವೇ. ರಶೀದ್‌ಗೆ ಗಾಡಿ ಓಡಿಸಲು ಕಲಿಸಿದವನು ಚೌಡಪ್ಪನೆಂಬ ಲಾರಿ ಡ್ರೈವರು. ರಸ್ತೆಯ ಬೈಗುಳವೂ ಎಚ್ಚರಿಕೆಯೂ ರಶೀದ್‌ಗೆ ಕನ್ನಡದಲ್ಲೇ ಬರುತ್ತಿದ್ದವು.

ಎರಡನೆಯ ವರ್ಷ ಕುಣಿಗಲ್ ಕೆರೆಯ ಏರಿಯ ಮೇಲೆ ಬಸ್ಸಿನ ಎಡಮೈ ಕಲ್ಲುಕಂಬಕ್ಕೆ ಉಜ್ಜಿತು. ವಾರದಲ್ಲೇ ಚಕ್ರಕ್ಕೆ ಸಿಕ್ಕಿ ಒಂದು ಮೇಕೆಯ ಕಾಲು ಹೋಯಿತು. ಆ ಊರಿನಲ್ಲೇ ಕಣ್ಣಿನ ಶಿಬಿರ ನಡೆಯುತ್ತಿತ್ತು. ರಹಿಮಾ ಬೀ ಹಠ ಹಿಡಿದು ಕರೆದುಕೊಂಡು ಹೋದಳು. ಗೋಡೆಯ ಮೇಲಿನ ಅಕ್ಷರಗಳನ್ನು ರಶೀದ್ ಕಡೆಯ ಸಾಲಿನವರೆಗೂ ಓದಿ ಅವಳ ಕಡೆ ನೋಡಿ ನಕ್ಕ. ಆಮೇಲೆ ಡಾಕ್ಟರು ಒಂದು ಕಣ್ಣು ಮುಚ್ಚಿಸಿ, ತಮ್ಮ ಬೆರಳನ್ನು ಪಕ್ಕದಿಂದ ಮೆಲ್ಲಗೆ ತಂದು, "ಕಂಡಾಗ ಹೇಳಿ" ಅಂದರು. ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು. ಮೂಗಿನ ಎದುರಿಗೆ ಬರುವವರೆಗೂ ಅವನು ಬಾಯಿ ಬಿಡಲಿಲ್ಲ.

ಕಣ್ಣಿನ ಒತ್ತಡಕ್ಕೆ ನರ ಒಣಗಿದೆ, ಪಕ್ಕದ ನೋಟ ಮತ್ತೆ ಬರುವುದಿಲ್ಲ, ಇನ್ನು ಗಾಡಿ ಓಡಿಸಬಾರದು ಎಂದು ಚೀಟಿ ಬರೆದುಕೊಟ್ಟರು.

"ಮುಂದೆ ಕಾಣುತ್ತಲ್ಲ. ರಸ್ತೆ ಇರೋದೇ ಮುಂದೆ," ಎಂದು ರಶೀದ್ ಬಸ್ಸು ಹತ್ತಿದ. ಅವಳು ಚೀಟಿಯನ್ನು ಅಕ್ಕಿ ಡಬ್ಬಿಯೊಳಗಿಟ್ಟು ಎಡಗಡೆಯ ಸೀಟಿನಲ್ಲಿ ಕೂತಳು. ಬಸ್‌ಸ್ಟ್ಯಾಂಡ್ ದಾಟುವಾಗ ತಾನಾಗಿಯೇ ಬಾಯಿಗೆ ಬಂತು: "ಎಡಕ್ಕೆ ಸೈಕಲ್ಲು."

"ಹೂಂ," ಅಂದ ಅವನು.

ಅಲ್ಲಿಂದ ಅದೇ ಕ್ರಮವಾಯಿತು. ಎಡಕ್ಕೆ ಎಮ್ಮೆ, ಹೂಂ. ಬಲಕ್ಕೆ ಆಟೋ, ಹೂಂ. "ಸಾಬ್ರೇ, ನಿಮ್ ಮನೆಯೋರು ರೇಡಿಯೋ ಇದ್ದಂಗೆ, ಬಟನ್ ಎಲ್ಲಿದೆ?" ಎಂದು ಹೋಟೆಲಿನವರು ಕಿಚಾಯಿಸಿದರೆ ಇಬ್ಬರೂ ನಗುತ್ತಿದ್ದರು. ಚೀಟಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳಿಗೂ ನಿಲ್ಲುವ ಮನಸ್ಸಿರಲಿಲ್ಲ. ಇದನ್ನು ಅವಳು ಆಮೇಲೆ ಅಲ್ಲಾಹನ ಮುಂದೆ ಅನೇಕ ಸಲ ಒಪ್ಪಿಕೊಂಡಳು.

ಮರುವರ್ಷ ಗುಬ್ಬಿಯಿಂದ ಸಿ.ಎಸ್. ಪುರದ ಕಡೆ ಹೋಗುತ್ತಿದ್ದ ದಿನ ಮಧ್ಯಾಹ್ನ, ಹಂಪ್ ಎಗರಿದ ರಭಸಕ್ಕೆ ಬಿಂದಿಗೆ ಉರುಳಿತು. ನೀರು ಹಾಸಿಗೆಯ ಕಡೆ ಹರಿಯಿತು. "ಒಂದ್ನಿಮಿಷ," ಎಂದು ಅವಳು ಹಿಂದಕ್ಕೆ ಓಡಿದಳು. ಮನೆಯೆಂದ ಮೇಲೆ ನೀರು ಚೆಲ್ಲಿದರೆ ಓಡುವುದೇ. ಮನೆ ಆಗ ಓಡುತ್ತಿತ್ತು ಅನ್ನುವುದೊಂದು ಅವಳಿಗೆ ಮರೆತುಹೋಯಿತು. ಬಿಂದಿಗೆ ಎತ್ತಿ ನಿಲ್ಲಿಸುವಷ್ಟರಲ್ಲಿ ಎಡಗಡೆ ಕಬ್ಬಿಣ ಬಡಿದ ಸದ್ದಾಯಿತು.

ಹುಲ್ಲಿನ ಹೊರೆ ಹೊತ್ತು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ದೊಡ್ಡಗಂಗಮ್ಮನ ಬಲಭುಜಕ್ಕೆ ಹಿಂದಿನಿಂದ ಬಡಿದದ್ದು ಆ ಎಡಗನ್ನಡಿಯೇ. ಅವಳು ಚರಂಡಿಯ ಕಲ್ಲುಗಳ ಮೇಲೆ ಬಿದ್ದಿದ್ದಳು. ಇಬ್ಬರೂ ಅವಳನ್ನು ಎತ್ತಿ ತಮ್ಮ ಮಂಚದ ಮೇಲೆ ಮಲಗಿಸಿ ತುಮಕೂರಿನ ದೊಡ್ಡಾಸ್ಪತ್ರೆಗೆ ತಂದರು. ಆ ದಾರಿಯುದ್ದಕ್ಕೂ, ಒಂದು ಕೈ ಗಂಗಮ್ಮನ ರಕ್ತದ ಮೇಲಿಟ್ಟುಕೊಂಡು, ರಹಿಮಾ ಬೀ ಕಿಟಕಿಯಿಂದ ಎಡಕ್ಕೆ, ಬಲಕ್ಕೆ ಎಂದು ಕೂಗುತ್ತಲೇ ಇದ್ದಳು.

ಒಂಬತ್ತು ದಿನ ಬಸ್ಸು ಆಸ್ಪತ್ರೆಯ ಗೋಡೆಯ ಬದಿಯಲ್ಲಿ ನಿಂತಿತ್ತು. ಗಂಗಮ್ಮನಿಗೂ ಅವಳ ಗಂಡ ರಂಗಣ್ಣನಿಗೂ ಅಲ್ಲಿಂದಲೇ ಗಂಜಿ, ಬಿಸಿನೀರು. ಬಲಗೈ ಇನ್ನು ಭುಜದ ಮೇಲಕ್ಕೆ ಏರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೊರೆ ಹೊರುವುದಿರಲಿ, ತಲೆ ಬಾಚಿಕೊಳ್ಳಲೂ ಆಗದು. ಪೊಲೀಸರು ಒಮ್ಮೆ ಬಂದು, ಗಾಯಾಳುವಿಗೆ ಮಾತಾಡುವ ತ್ರಾಣ ಬರಲಿ, ಹೇಳಿಕೆ ಆಮೇಲೆ ಬರೆದುಕೊಳ್ಳುತ್ತೇವೆ ಎಂದು ಹೋಗಿದ್ದರು.

"ಇವ್ಳು ಕೈ ಬೀಸ್ಕಂಡು ಬಯ್ಯೋಳು," ರಂಗಣ್ಣ ಒಂದು ದಿನ ಹೇಳಿದ. "ಇನ್ಮೇಲೆ ಬರೀ ಬಾಯಲ್ಲೇ. ಅರ್ಧ ಉಳೀತು ನಂಗೆ."

"ಎಡಗೈ ಐತೆ ಕಣೋ ನಿಂಗೆ," ಅಂದಳು ಗಂಗಮ್ಮ. ಆಮೇಲೆ ರಹಿಮಾ ಬೀ ಕಡೆ ತಿರುಗಿ, "ಅಲ್ಲಾ ಬೂಬಮ್ಮ, ಬಸ್ಸಲ್ಲಿ ಒಲೆ ಐತೆ, ಮಂಚ ಐತೆ. ಒಂದು ಕೊಟ್ಟಿಗೆ ಮಡಗಿದ್ರೆ ನನ್ ಎಮ್ಮೆನೂ ಹತ್ತುಸ್ಬೋದಾಗಿತ್ತು," ಎಂದು ನಕ್ಕಳು. ನಗುವಾಗ ಭುಜ ಅಲುಗಿ ಕಣ್ಣಲ್ಲಿ ನೀರು ಬಂತು. ಮುಖ ಗೋಡೆಯ ಕಡೆ ಮಾಡಿದಳು.

ಎಂಟನೆಯ ದಿನ ಸಂಜೆ, ನಾಳೆ ಹೆಡ್ ಕಾನ್‌ಸ್ಟೇಬಲ್ ಬರುತ್ತಾರೆಂದು ಗೊತ್ತಾಯಿತು. ಸ್ಟೇರಿಂಗಿನ ಮುಂದೆ ಕೂತಿದ್ದಕ್ಕೋ ಏನೋ ರಶೀದ್ ಕನ್ನಡದಲ್ಲೇ ಶುರುಮಾಡಿದ.

"ನೀನು ಸುಮ್ನಿರು, ಅಷ್ಟೆ. ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ."

"ಸುಮ್ನಿದ್ದೇ ಇಲ್ಲಿಗೆ ಬಂದಿರೋದು."

"ಕಣ್ಣಿನ ವಿಷಯ ಬಂದ್ರೆ ಲೈಸೆನ್ಸ್ ಹೋಗುತ್ತೆ, ಬಸ್ಸೂ ಹೋಗುತ್ತೆ. ನನ್ನ ಒಳಗೆ ಹಾಕಿದ್ರೆ ನೀನು ಎಲ್ಲಿಗೆ ಹೋಗ್ತೀಯ? ಮತ್ತೆ ಆ ಕಿಟಕಿ ಇಲ್ಲದ ಕೋಣೆಗಾ?"

ಹೋಗಲು ಆ ಕೋಣೆಯೂ ಈಗಿರಲಿಲ್ಲ. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮಾಫ್ ಮಾಡಬೇಕು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಏನಾಯಿತೆಂದೇ ತಿಳಿಯದ ಗಂಗಮ್ಮ ಏನನ್ನು ಮಾಫ್ ಮಾಡಿಯಾಳು?

ಬೆಳಿಗ್ಗೆ ನಮಾಜ್ ಮುಗಿಸಿ ಕೆಳಗಿಳಿದಳು. ಎಡಗನ್ನಡಿಯಲ್ಲಿ ಉಳಿದದ್ದು ಮೂಲೆಯ ಒಂದು ಚೂರು. ಅದನ್ನೇ ಒರೆಸಿ ಬಿಸ್ಮಿಲ್ಲಾ ಅಂದಳು. ಒಲೆ ಹಚ್ಚಿ ಗಂಜಿ ಕಾಯಿಸಿದಳು. ಆಮೇಲೆ ಅಕ್ಕಿ ಡಬ್ಬಿಗೆ ಕೈ ಹಾಕಿದಳು. ಮಂಚದ ಮೇಲೆ ಕೂತಿದ್ದ ರಶೀದ್ ನೇರವಾಗಿ ನೋಡುತ್ತಿದ್ದ; ಅವಳು ಅವನಿಗೆ ಕಾಣುವ ಕಡೆಯೇ ಇದ್ದಳು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ವಾರ್ಡಿನಲ್ಲಿ ಅವಳು ದಿನದಂತೆ ಗಂಗಮ್ಮನ ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು.

"ಹೆಡ್ಡು ಬರ್ಲಿ ಬೂಬಮ್ಮ," ಅಂದಳು ಗಂಗಮ್ಮ. "ನಾನೇ ಅಡ್ಡ ಬಂದೆ, ಹೊರೆ ಕಣ್ಗೆ ಮರೆಯಾಗಿತ್ತು ಅಂತ ಬರುಸ್ತೀನಿ. ನಮ್ಮೋರ್ಗೂ ಹೇಳಿವ್ನಿ. ಬ್ಯಾರೆಯೋರು ಗಾಡಿ ನಿಲ್ಲುಸ್ತಿದ್ರಾ? ನೀವು ಹೊತ್ಕಂಡ್ ಬಂದ್ರಿ. ಹೆಬ್ಬೆಟ್ಟು ಒತ್ತಕ್ಕೆ ಎಡಗೈ ಐತಲ್ಲ, ಸಾಕು."

ರಹಿಮಾ ಬೀ ಜಡೆಯ ಕೊನೆಯ ಎಳೆ ಹೆಣೆದು ದಾರ ಸುತ್ತಿದಳು.

"ಬೇಡ ಅಕ್ಕ. ಹಂಗೆ ಬರೆಸ್ಬೇಡಿ."

"ಯಾಕವ್ವ?"

"ನಮ್ಮೋರಿಗೆ ಪಕ್ಕ ಕಾಣಲ್ಲ. ಡಾಕ್ಟ್ರು ಓಡಿಸ್ಬೇಡಿ ಅಂತ ಹೋದ್ವರ್ಷಾನೇ ಬರೆದುಕೊಟ್ಟಿದ್ರು. ಎಡಗಡೆ ನೋಡಿ ಹೇಳ್ಬೇಕಾಗಿದ್ದೋಳು ನಾನು. ಅವತ್ತು ನೀರು ಚೆಲ್ತು, ಎದ್ದುಹೋದೆ."

ಗಂಗಮ್ಮ ತಿರುಗಿ ನೋಡಲಿಲ್ಲ. ಜಡೆಯನ್ನು ಎಡಗೈಯಿಂದ ಮುಂದಕ್ಕೆ ಎಳೆದುಕೊಂಡಳು.

"ಕಣ್ ಕಾಣ್ದೋನ್ ಕೈಲಿ ಗಾಡಿ ಓಡುಸ್ಕಂಡು ಊರೂರು ತಿರುಗ್ತಿದ್ರಾ?"

"ಹೂಂ."

"ನೀನು ಪಕ್ದಲ್ ಕೂತ್ಕಂಡು?"

"ಹೂಂ ಅಕ್ಕ."

ಗಂಗಮ್ಮ ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಸೆರಗಿನೊಳಗಿಟ್ಟುಕೊಂಡಳು. ಮತ್ತೆ ಮಾತಾಡಿದಾಗ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಅದನ್ನೆಲ್ಲ ಬರ್ಸಿದ್ರೆ ನನ್ ಕೈ ಎದ್ದೀತಾ? ಬುಡು. ಅಂದಿದ್ದು ಅಂದಾಯ್ತು, ಹಂಗೇ ಹೇಳ್ತೀನಿ. ನಿನ್ ಮಾತು ನನ್ ಕಿವೀಗ್ ಬೀಳ್ಲಿಲ್ಲ. ನಾಳೆಯಿಂದ ಗಂಜಿ ತರ್ಬ್ಯಾಡ, ಅಷ್ಟೆ."

ವಾರ್ಡಿನ ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್ ನರ್ಸಿನ ಹತ್ತಿರ ಹಾಸಿಗೆ ನಂಬರು ಕೇಳುತ್ತಿದ್ದರು. ರಹಿಮಾ ಬೀ ಬಾಚಣಿಗೆಯ ಕೂದಲು ತೆಗೆದು ಉಂಡೆ ಮಾಡಿ ಕಾಗದದಲ್ಲಿ ಸುತ್ತಿದಳು. ಅಕ್ಕಿಯ ಹಿಟ್ಟು ಮೆತ್ತಿದ ಚೀಟಿಯನ್ನು ಕೈಯಲ್ಲಿ ಹಿಡಿದು ಎದ್ದುನಿಂತಳು.

"ಬೇಡ ಅಕ್ಕ," ಅಂದಳು. "ಕಿವಿಗೆ ಬಿದ್ದಿದೆ."